ಮೆನುವಿನಲ್ಲಿ ಬದಲಾದ ಐಕಾನ್ ವಿಂಡೋದಲ್ಲೇಕೆ ಬದಲಾಗದು?

ಲಿನಕ್ಸ್‌ನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ಐಕಾನ್ ಬದಲಿಸಿದವರಿಗೆಲ್ಲ ಎದುರಾಗುವ ಗೋಜಲಿದು: ಮೆನುವಿನಲ್ಲಿ ಹೊಸ ಚಿತ್ರ, ಪ್ಯಾನೆಲ್‌ನಲ್ಲೂ ಆಲ್ಟ್-ಟ್ಯಾಬ್‌ನಲ್ಲೂ ಹಳೆಯದೇ. ಮೆನು ನೋಡುವುದು ಡೆಸ್ಕ್‌ಟಾಪ್ ಫೈಲನ್ನು, ಅಂದರೆ ಪ್ರೋಗ್ರಾಂನ ಹೆಸರು, ಐಕಾನ್, ಓಡಿಸುವ ಆಜ್ಞೆ ಬರೆದಿಟ್ಟ ಪುಟ್ಟ ಪಠ್ಯ ಫೈಲನ್ನು. ವಿಂಡೋದ ಐಕಾನನ್ನಾದರೋ ಪ್ರೋಗ್ರಾಂ ತಾನೇ ಪರದೆಗೆ ವಿಂಡೋ ತರುವ ಎಕ್ಸ್ ಸರ್ವರ್‌ಗೆ ಒಪ್ಪಿಸುತ್ತದೆ, ಅದೂ ಅಂಕಿಗಳಲ್ಲಿ: ಮೊದಲು ಅಗಲ, ಎತ್ತರ, ಆಮೇಲೆ ಪಿಕ್ಸೆಲ್‌ಗೊಂದು ಸಂಖ್ಯೆ. 48×48ರ ಚಿತ್ರಕ್ಕೆ ಒಟ್ಟು 2,306. ಇಲ್ಲಿನ ಹಂತಗಳು ಡೆಬಿಯನ್ 12 ಲಿನಕ್ಸ್‌ನಲ್ಲಿರುವ ಎಕ್ಸ್‌ಎಫ್‌ಸಿಇ 4.18ನೇ ಆವೃತ್ತಿಗೆ, ಎಕ್ಸ್ ಸರ್ವರ್ ಬಳಸುವ ಎಕ್ಸ್11 ಸೆಷನ್‌ಗೆ. ಅದರ ಬದಲಿ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ನಡೆಯವು.

ಮೆನುವಿನದು ಸುಲಭ. 'ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್'ನಲ್ಲಿರುವ ಡೆಸ್ಕ್‌ಟಾಪ್ ಫೈಲನ್ನು ಅದೇ ಹೆಸರಿನಲ್ಲಿ ಹೋಮ್‌ನ '.ಲೋಕಲ್/ಶೇರ್/ಅಪ್ಲಿಕೇಶನ್ಸ್'ಗೆ ನಕಲಿಸಿ, 'ಐಕಾನ್=' ಸಾಲು ತಿದ್ದಿ. ಮೂಲ ಫೈಲನ್ನೇ ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ. ಚಿತ್ರದ ಪೂರ್ಣ ವಿಳಾಸ ಕೊಡಿ. ಹೋಮ್‌ಗೆ ಟಿಲ್ಡೆ (~) ಚಿಹ್ನೆ ಬರೆದರೆ ಇಲ್ಲಿ ಅರ್ಥವಾಗುವುದಿಲ್ಲ, ಐಕಾನ್ ಮಾಯ.

ಇನ್ನು ವಿಂಡೋ. ಫೈಲ್ ಮ್ಯಾನೇಜರ್ ಥುನಾರ್‌ನಂಥ, ಜಿಟಿಕೆ ಲೈಬ್ರರಿ ಬಳಸುವ ಪ್ರೋಗ್ರಾಂಗಳು ಐಕಾನಿನ ಹೆಸರನ್ನಷ್ಟೇ ಹೇಳುತ್ತವೆ, ಚಿತ್ರ ಬರುವುದು ಐಕಾನ್ ಥೀಮ್‌ನಿಂದ. ಹಾಗಾಗಿ ಥೀಮ್ ಬದಲಿಸಿ ಪ್ರೋಗ್ರಾಂ ಮತ್ತೆ ತೆರೆದರೆ ಸಾಕು. ಒಂದೇ ಚಿತ್ರ ಬೇಕೆಂದು 'ಹೈಕಲರ್' ಫೋಲ್ಡರ್‌ಗೆ ಹಾಕಿ ಕಾಯುವವರಿದ್ದಾರೆ. ಹೈಕಲರ್ ಕೊನೆಯ ಆಸರೆ. ಚಾಲ್ತಿಯ ಥೀಮ್‌ನಲ್ಲಿ ಅದೇ ಹೆಸರಿನ ಚಿತ್ರವಿದ್ದರೆ ಇತ್ತ ಯಾರೂ ತಿರುಗಿ ನೋಡರು.

ಜಾವಾ ಪ್ರೋಗ್ರಾಂಗಳು, ಆ್ಯಪ್‌ಇಮೇಜ್‌ಗಳು (ಒಂದೇ ಫೈಲಿನಲ್ಲಿ ಬರುವ ಪ್ರೋಗ್ರಾಂಗಳು) ಥೀಮ್‌ಗೆ ಬಗ್ಗದಿದ್ದರೆ, ತೆರೆದ ವಿಂಡೋಗೆ ಐಕಾನ್ ಅಂಟಿಸುವ 'ಎಕ್ಸ್‌ಸೆಟ್‌ಐಕಾನ್' ಬೇಕು. ಡೆಬಿಯನ್ ಭಂಡಾರದಲ್ಲಿ ಸಿಗದು, ಸೋರ್ಸ್‌ನಿಂದ ಕಂಪೈಲ್ ಮಾಡಬೇಕು. ಮೊದಲು ಟರ್ಮಿನಲ್‌ನಲ್ಲಿ ತೆರೆದ ವಿಂಡೋಗಳ ಪಟ್ಟಿ ಕೊಡುವ 'ಡಬ್ಲ್ಯುಎಂಸಿಟಿಆರ್‌ಎಲ್' (wmctrl) ಅನ್ನು ಎಲ್, ಎಕ್ಸ್ ಆಯ್ಕೆಗಳೊಂದಿಗೆ ಓಡಿಸಿ. ಪ್ರತಿ ಸಾಲಿನ ಮೊದಲಿಗೆ ಸೊನ್ನೆ-ಎಕ್ಸ್‌ನಿಂದ ಶುರುವಾಗುವ ವಿಂಡೋ ಸಂಖ್ಯೆ, ಡೆಸ್ಕ್‌ಟಾಪ್ ಅಂಕಿ ದಾಟಿದರೆ ಕ್ಲಾಸ್ ಹೆಸರು, ಅಂದರೆ ವಿಂಡೋ ಯಾವ ಪ್ರೋಗ್ರಾಂನದೆಂಬ ಗುರುತು. ಆ ವಿಂಡೋ ಸಂಖ್ಯೆಯನ್ನು ಎಕ್ಸ್‌ಸೆಟ್‌ಐಕಾನ್‌ನ 'ಐಡಿ' ಆಯ್ಕೆಗೆ ಕೊಟ್ಟು, ಪಿಎನ್‌ಜಿ ಫೈಲ್ ಹೆಸರಿಸಿ. ಎಸ್‌ವಿಜಿ ನಡೆಯದು.

ವಿಂಡೋ ಮುಚ್ಚಿದರೆ ಈ ಬದಲಾವಣೆಯೂ ಹೋಯಿತು. ಅದಕ್ಕೇ ಪುಟ್ಟ ಸ್ಕ್ರಿಪ್ಟ್ ಬರೆಯಿರಿ: ಪ್ರೋಗ್ರಾಂ ಹಿನ್ನೆಲೆಯಲ್ಲಿ ಶುರು, 3 ಸೆಕೆಂಡ್ ನಿದ್ರೆ, ಕ್ಲಾಸ್ ಹೆಸರಿನಿಂದ ಸಂಖ್ಯೆ ಹುಡುಕು, ಐಕಾನ್ ಅಂಟಿಸು. ಡೆಸ್ಕ್‌ಟಾಪ್ ಫೈಲಿನ 'ಎಕ್ಸೆಕ್=' ಸಾಲಿಗೆ ಸ್ಕ್ರಿಪ್ಟ್‌ನ ವಿಳಾಸ ಹಾಕಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ 3 ಸೆಕೆಂಡ್ ಸಾಲದೆ ವಿಂಡೋ ಸಿಗದಿದ್ದರೆ 8 ಮಾಡಿ.

ಟೈಟಲ್‌ಬಾರ್‌ನಲ್ಲಿ ಐಕಾನೇ ಕಾಣುತ್ತಿಲ್ಲವೇ? ವಿಂಡೋ ಥೀಮ್‌ನ 'ಥೀಮ್‌ಆರ್‌ಸಿ' ಫೈಲಿನಲ್ಲಿ 'ಶೋ ಆ್ಯಪ್ ಐಕಾನ್' ಸಾಲು, ಪದಗಳ ನಡುವೆ ಅಂಡರ್‌ಸ್ಕೋರ್ ಇಟ್ಟು, 'ಟ್ರೂ' ಆಗಿರಬೇಕು.