ಸ್ಲ್ಯುದ್ಯಾಂಕದಲ್ಲಿ ಗಾಡಿಗೆ ಕೈ ಅಡ್ಡ ಹಾಕಿದ್ದು

ರಷ್ಯಾದ ಸೈಬೀರಿಯಾದಲ್ಲಿರುವ ಬೈಕಲ್ ಸರೋವರದ ನೈಋತ್ಯ ತುದಿಯಲ್ಲಿ ಸ್ಲ್ಯುದ್ಯಾಂಕ ಅಂತ ಒಂದು ಸಣ್ಣ ರೈಲ್ವೆ ಊರಿದೆ. 2019ರ ಸೆಪ್ಟೆಂಬರಿನಲ್ಲಿ ಇರ್ಕುತ್ಸ್ಕ್‌ನಿಂದ ಉಲಾನ್ ಉದೆ ಕಡೆಗೆ ಲಿಫ್ಟ್ ಕೇಳಿಕೊಂಡು ಹೊರಟಿದ್ದ ನಾನು ಅಲ್ಲಿ ಎರಡು ದಿನ ಉಳಿದೆ. ಆ ದಾರಿಯಲ್ಲಿ ಹೋಗೋ ಆಸೆ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇರ್ಕುತ್ಸ್ಕ್ ಊರೊಳಗೆ ನಿಂತು ಕೈ ಅಡ್ಡ ಹಾಕಬೇಡಿ. ನಾನು ಮಿನಿ ಬಸ್ಸಿನಲ್ಲಿ ಶೆಲೆಖೋವ್ ತನಕ ಹೋಗಿ, ಊರು ದಾಟಿ, ಆರ್-258 ಹೆದ್ದಾರಿಯ ಪಕ್ಕ ನಿಂತೆ. ರಟ್ಟಿನ ಮೇಲೆ ರಷ್ಯನ್ ಅಕ್ಷರದಲ್ಲಿ ಸ್ಲ್ಯುದ್ಯಾಂಕ ಅಂತ ಮಾತ್ರ ಬರೆದಿದ್ದೆ. ಉಲಾನ್ ಉದೆ ಅಂತ ಬರೆದರೆ ಹತ್ತಿರದ ಊರಿಗೆ ಹೋಗುವವರು ನಮಗಲ್ಲ ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಸೈಬೀರಿಯಾದಲ್ಲಿ ಜಪಾನಿನಿಂದ ಬಂದ ಹಳೇ ಕಾರುಗಳು ಜಾಸ್ತಿ. ಗಾಡಿ ಓಡೋದು ರಸ್ತೆಯ ಬಲಕ್ಕೆ, ಸ್ಟೀರಿಂಗ್ ಇರೋದೂ ಬಲಕ್ಕೇ. ಹಾಗಾಗಿ ಕಾರು ಬಂದು ನಿಂತರೆ ನಿಮ್ಮ ಪಕ್ಕದ ಕಿಟಕಿಯಲ್ಲಿ ಡ್ರೈವರೇ ಇರುತ್ತಾರೆ. ಮಾತಾಡೋಕೆ ಅನುಕೂಲ. ಆದರೆ ಮುಂದಿನ ಸೀಟಿನಲ್ಲಿ ಕೂರಬೇಕಾದರೆ ಸುತ್ತು ಹಾಕಿಕೊಂಡು, ಲಾರಿಗಳು ಭರ್ರೆಂದು ಹೋಗುವ ಕಡೆಯ ಬಾಗಿಲು ತೆಗೆಯಬೇಕು. ಹಿಂದೆ ತಿರುಗಿ ನೋಡದೆ ತೆಗೆಯಲೇಬೇಡಿ, ನಾನು ಸುಮ್ನೆ ಹಿಂದಿನ ಸೀಟಿಗೆ ಹತ್ತುತ್ತಿದ್ದೆ.

ಹತ್ತುವ ಮೊದಲೇ "ಬೆಜ್ ದೆನೆಗ್" ಅಂತ ಹೇಳಿ. ದುಡ್ಡು ಕೊಡೋದಿಲ್ಲ ಅಂತ ಅರ್ಥ. ಬಾಡಿಗೆ ಆಸೆಯಿಂದ ನಿಲ್ಲಿಸುವವರೂ ಇರುತ್ತಾರೆ, ಅದರಲ್ಲಿ ತಪ್ಪೇನಿಲ್ಲ, ಆದರೆ ಇಳಿಯುವಾಗ ಅವರಿಗೆ ಮೋಸ ಮಾಡಿದ ಹಾಗಾಗಬಾರದು ಅಲ್ವಾ?

ನನಗೆ ಮೊದಲು ಸಿಕ್ಕಿದ್ದು ತುಂಕಾ ಕಣಿವೆಗೆ ಹೊರಟಿದ್ದ ಒಬ್ಬ ಬುರ್ಯಾತ್ (ಬೈಕಲ್ ಸುತ್ತಲಿನ ಮೂಲ ಜನಾಂಗ) ಹಿರಿಯರ ಲಾರಿ. ಕುಲ್ತುಕ್‌ಗೆ ಇಳಿಯುವ ರಸ್ತೆ ಪೂರ್ತಿ ತಿರುವು. ಒಂದು ತಿರುವಿನಲ್ಲಿ ಮರಗಳ ಸಂದಿಯಿಂದ ಬೈಕಲ್ ಕಂಡಿತು, ಮೋಡವೋ ನೀರೋ ಗೊತ್ತಾಗದ ಬಣ್ಣ. ಮರಗಳಿಗೆ ಬಣ್ಣದ ಬಟ್ಟೆ ಕಟ್ಟಿದ್ದ ಒಂದು ಜಾಗದಲ್ಲಿ ಅವರು ಲಾರಿ ನಿಲ್ಲಿಸಿ ಒಂದು ನಾಣ್ಯ ಹಾಕಿದರು. ಜೇಬಿನಿಂದ ಇನ್ನೊಂದು ತೆಗೆದು ನನ್ನ ಕೈಗೂ ಇಟ್ಟರು. ನಾನೂ ಹಾಕಿದೆ. ತುಂಕಾ ಕಣಿವೆಯ ಮೂಲಕ ಮಂಗೋಲಿಯಾ ಗಡಿಯ ಕಡೆಗೆ ಹೋಗುವ ರಸ್ತೆ ಕುಲ್ತುಕ್‌ನಲ್ಲಿ ಕವಲೊಡೆಯುತ್ತದೆ, ಅಲ್ಲಿ ಇಳಿದೆ. ರಸ್ತೆ ಬದಿಯಲ್ಲೆಲ್ಲ ಹೊಗೆಯಲ್ಲಿ ಸುಟ್ಟ ಮೀನಿನ ವಾಸನೆ. ಅಲ್ಲಿಂದ ಸ್ಲ್ಯುದ್ಯಾಂಕಕ್ಕೆ ಇನ್ನೊಂದು ಕಾರು.

ಸ್ಲ್ಯುದಾ ಅಂದರೆ ಕಾಗೆಬಂಗಾರ, ಊರಿಗೆ ಹೆಸರು ಬಂದದ್ದೇ ಅದರಿಂದ. ಬೆಟ್ಟದ ಕಡೆಯ ದಾರಿಯಲ್ಲಿ ಒಂದು ಚೂರು ಎತ್ತಿಕೊಂಡು ಉಗುರಿನಿಂದ ಕೆದಕಿದೆ, ಈರುಳ್ಳಿ ಸಿಪ್ಪೆ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತು. ರೈಲು ನಿಲ್ದಾಣವನ್ನು ಅಲ್ಲೇ ಸಿಗುವ ಅಮೃತಶಿಲೆಯಲ್ಲಿ ಕಟ್ಟಿದ್ದಾರೆ. ಹಳಿ ದಾಟಿ ಸ್ವಲ್ಪ ನಡೆದರೆ ನೀರು. ಪಾದ ಮುಳುಗಿಸಿ ಹತ್ತು ಎಣಿಸೋದರೊಳಗೆ ಕಾಲು ಜೋಮು ಹಿಡಿಯಿತು.

ಹಿಂದೆ ಇರ್ಕುತ್ಸ್ಕ್ ಕಡೆಯ ಮುಖ್ಯ ರೈಲು ಮಾರ್ಗ ಅಂಗಾರಾ ನದಿಯ ದಂಡೆಯಲ್ಲಿ ಬಂದು, ಬೈಕಲ್ ತೀರವನ್ನು ಸುತ್ತಿಕೊಂಡು ಇಲ್ಲಿಗೆ ಸೇರುತ್ತಿತ್ತು. ಇರ್ಕುತ್ಸ್ಕ್ ಅಣೆಕಟ್ಟಿನಿಂದಾಗಿ 1956ರಲ್ಲಿ ನದಿ ದಂಡೆಯ ಹಳಿ ಮುಳುಗಿತು. ಈಗ ರೈಲು, ರಸ್ತೆ ಎರಡೂ ಬೆಟ್ಟ ಇಳಿದು ಇಲ್ಲಿಗೇ ಬರುತ್ತವೆ. ಒಂದು ಕಡೆ ಸರೋವರ, ಇನ್ನೊಂದು ಕಡೆ ಖಮರ್ ದಬಾನ್ ಬೆಟ್ಟಸಾಲು. ಪೂರ್ವಕ್ಕೆ ಹೋಗುವ ಗಾಡಿಗೆ ಬೇರೆ ದಾರಿಯೇ ಇಲ್ಲ.

ಹಾಗಂತ ಎಲ್ಲಿ ಬೇಕಾದರಲ್ಲಿ ನಿಂತರೆ ಆಗಲ್ಲ. ಹೊರಡುವ ದಿನ ಊರ ಮಧ್ಯೆ ಎರಡು ಗಂಟೆ ನಿಂತೆ, ಒಂದೂ ಸಿಗಲಿಲ್ಲ. ಚೀಲ ಹಿಡಿದುಕೊಂಡು ಬಂದ ಒಬ್ಬ ಅಜ್ಜಿ ನನ್ನ ರಟ್ಟು ಓದಿ, ತಲೆ ಆಡಿಸಿ, "ಇಲ್ಲಿ ಬರೋದೆಲ್ಲ ಊರಿನವರದೇ ಗಾಡಿ ಕಣಪ್ಪ, ಮುಂದೆ ನಡಿ" ಅನ್ನೋ ಹಾಗೆ ಕೈ ಬೀಸಿದರು. ಕೊನೆಯ ಮನೆಗಳೂ ಹಿಂದಾದ ಮೇಲೆ ಲಾರಿ ನಿಲ್ಲಿಸುವಷ್ಟು ಅಗಲದ ಜಾಗ ಸಿಕ್ಕಿತು. ಬ್ಯಾಗು ಎದುರಿಗೆ ಕಾಣುವ ಹಾಗೆ ಇಟ್ಟು, ಟೋಪಿ ತೆಗೆದು, ಮುಖ ಕಾಣುವಂತೆ ನಿಂತೆ. ಕಾಲು ಗಂಟೆಯಲ್ಲಿ ಬೈಕಲ್ಸ್ಕ್ ತನಕ ಹೋಗುವ ಒಂದು ಕಾರು ನಿಂತಿತು. ನಲವತ್ತು ಕಿ.ಮೀ. ಅಷ್ಟೇ, ಆದರೂ ಹತ್ತಿದೆ. ಎಡಗಡೆ ಹಳಿ, ಹಳಿಯಾಚೆ ನೀರು. ಒಂದು ಗೂಡ್ಸ್ ರೈಲು ಸುಮಾರು ಹೊತ್ತು ನಮ್ಮ ಜೊತೆಗೇ ಬಂತು.