ಮಳೆ ಬಿಟ್ಟ ಮೊದಲ ಶನಿವಾರ-ಭಾನುವಾರ: ಕಾಡುಕೋಳಿ ನೋಡಹೊರಟವರಿಗೆ

ಮಲೆನಾಡಿನಲ್ಲಿ ಕಾಡುಕೋಳಿ ಅಂದರೆ ಮೊದಲು ನೆನಪಾಗುತ್ತಿದ್ದದ್ದು ಕೋವಿ ಮತ್ತು ಉರುಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಯಾವ ಋತುವಿನಲ್ಲೂ ಅದರ ಬೇಟೆ ಆಡುವಂತಿಲ್ಲ. ಹಕ್ಕಿ ನಿಮ್ಮ ತೋಟದೊಳಗೇ ಬಂದು ಮೇಯುತ್ತಿದ್ದರೂ ಅದನ್ನು ಹೊಡೆಯುವುದು, ಹಿಡಿಯುವುದು ಅಪರಾಧ. ಆದರೆ ಹಳೆಯ ಬೇಟೆಗಾರರಿಗೆ ಗೊತ್ತಿದ್ದ ಎರಡು ವಿದ್ಯೆ ಮಾತ್ರ ಉಳಿಯಬೇಕು: ನೆಲ ನೋಡಿ ಹಕ್ಕಿಯ ಜಾಡು ತಿಳಿಯುವುದು, ಅಲುಗಾಡದೆ ಕೂರುವುದು. ಕೈಯಲ್ಲಿ ದುರ್ಬೀನು ಹಿಡಿದವನಿಗೂ ಬೇಕಾದದ್ದು ಅವೇ.

ಸಕಲೇಶಪುರ, ಮೂಡಿಗೆರೆ ಕಡೆ ಹೋಗುವುದಾದರೆ ದೀಪಾವಳಿ ಕಳೆದು ತುಳಸಿ ಹಬ್ಬದ ಆಚೀಚೆ, ಮಳೆ ಪೂರ್ತಿ ಬಿಟ್ಟ ವಾರಾಂತ್ಯ ನೋಡಿಕೊಳ್ಳಿ. ಮಳೆಗಾಲದಲ್ಲಿ ಹುಂಜ ಕುತ್ತಿಗೆಯ ಗರಿ ಉದುರಿಸಿಕೊಂಡು ಮಂಕಾಗಿರುತ್ತದೆ, ಕೂಗುವುದೂ ಕಡಿಮೆ. ನವೆಂಬರ್ ಹೊತ್ತಿಗೆ ಹೊಸ ಗರಿ ಬಂದಿರುತ್ತದೆ: ಕಪ್ಪು-ಬೂದು ಎಳೆಗಳ ತುದಿಯಲ್ಲಿ ಹಳದಿ ಚುಕ್ಕೆ, ಅರಗು ಹಚ್ಚಿದಂಥ ಹೊಳಪು. ಬಿಸಿಲುಕೋಲು ಬಿದ್ದಾಗ ಮಿಂಚುವುದು ಇದೇ. ಗದ್ದೆ ಕೊಯ್ಲೂ ಅದೇ ಸಮಯಕ್ಕೆ ಶುರುವಾಗುವುದರಿಂದ ಉದುರಿದ ಭತ್ತ ಹೆಕ್ಕಲು ಹಕ್ಕಿ ಕಾಡಂಚಿಗೆ ಬರುತ್ತದೆ.

ಶುಕ್ರವಾರ ಸಂಜೆಯ ಕೆಲಸ

ಅರ್ಧ ಫಲ ಇರುವುದು ಇಲ್ಲೇ. ಕಾಫಿ ತೋಟದ ಮಾಲೀಕರ ಒಪ್ಪಿಗೆ ಮೊದಲೇ ಪಡೆದಿರಬೇಕು. ಆಮೇಲೆ ತೋಟದ ಲೆಕ್ಕ ಬರೆಯುವ ರೈಟರನ್ನೋ ಆಳುಗಳ ಮೇಸ್ತ್ರಿಯನ್ನೋ ಹುಡುಕಿ ಎರಡು ಪ್ರಶ್ನೆ ಕೇಳಿ: ಆನೆ ಎಲ್ಲಿದೆ, ಕೋಳಿ ಎಲ್ಲಿ ಕೂಗುತ್ತದೆ. ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಆ ತೋಟ ಬಿಟ್ಟುಬಿಡಿ. ಸಕಲೇಶಪುರ, ಆಲೂರು, ಮೂಡಿಗೆರೆ ಭಾಗದಲ್ಲಿ ಆನೆ ಹಗಲು ಹೊತ್ತು ಕಾಫಿ ಗಿಡದ ಮರೆಯಲ್ಲೇ ನಿಂತಿರುತ್ತದೆ. ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ.

ಬೆಳಕಿರುವಾಗಲೇ ತೋಟ ಮತ್ತು ಕಾಡು ಕೂಡುವ ಅಂಚಿನಲ್ಲಿ ನಡೆದು ನೆಲ ನೋಡಿ. ದರಗು (ಉದುರಿದ ಒಣ ಎಲೆ) ಕೆದರಿ ಕೆಳಗಿನ ಹಸಿ ಮಣ್ಣು ಮೇಲೆ ಬಂದಿದ್ದರೆ, ಆ ಮಣ್ಣು ಇನ್ನೂ ಒಣಗಿಲ್ಲದಿದ್ದರೆ, ಕೋಳಿ ಅಂದೇ ಬಂದುಹೋಗಿದೆ ಎಂದರ್ಥ. ದರೆಯ (ಕಡಿದಾದ ಮಣ್ಣಿನ ದಿಬ್ಬದ) ಬುಡದಲ್ಲಿ, ಮಳೆ ತಾಗದ ಕಡೆ, ಪುಡಿಮಣ್ಣಿನ ಬಟ್ಟಲಿನಂಥ ಗುಳಿ ಕಂಡರೆ ಅದು ಮಣ್ಣುಸ್ನಾನದ ಜಾಗ. ಹಕ್ಕಿ ಅಲ್ಲಿಗೆ ಮತ್ತೆ ಮತ್ತೆ ಬರುತ್ತದೆ. ಬಿದಿರುಮೆಳೆ, ಲಂಟಾನದ ಮಟ್ಟಿ, ಗೆದ್ದಲು ಹುತ್ತ ಹತ್ತಿರವಿದ್ದರೆ ಇನ್ನೂ ಒಳ್ಳೆಯದು.

ಕೂರುವ ಜಾಗವನ್ನು ಆಗಲೇ ಗೊತ್ತುಮಾಡಿ. ಕೆದರಿದ ಜಾಗಕ್ಕೆ ಮೂವತ್ತು-ನಲವತ್ತು ಮೀಟರ್ ದೂರ ಇರಲಿ. ಬೆನ್ನಿಗೆ ಹಲಸಿನದೋ ಸಿಲ್ವರ್ ಓಕ್‌ನದೋ ದಪ್ಪ ಕಾಂಡ, ಬೆನ್ನ ಹಿಂದೆ ಪೂರ್ವ. ಸೂರ್ಯನಿಗೆ ಎದುರಾಗಿ ಕುಳಿತರೆ ಹಕ್ಕಿ ಬರೀ ಕಪ್ಪು ನೆರಳಾಗಿ ಕಾಣುತ್ತದೆ, ಹುಂಜವೋ ಹೇಂಟೆಯೋ ತಿಳಿಯುವುದಿಲ್ಲ.

ದುರ್ಬೀನು 8×42 ಇದ್ದರೆ ಸಾಕು. ಜೇಬಿಗೆ ಹಿಡಿಯುವ 10×25 ಈ ಕೆಲಸಕ್ಕೆ ಬಾರದು. ಕಣ್ಣಿಗೆ ಬರುವ ಬೆಳಕಿನ ವೃತ್ತ ಮೊದಲನೆಯದರಲ್ಲಿ 5 ಮಿಲಿಮೀಟರಿಗೂ ಹೆಚ್ಚು, ಎರಡನೆಯದರಲ್ಲಿ 2.5 ಮಾತ್ರ. ಮರದಡಿಯ ಮುಂಜಾವಿನ ಮಬ್ಬಿನಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ. ಬಟ್ಟೆ ಮಾಸಲು ಹಸಿರೋ ಕಂದೋ ಇರಲಿ. ಸರಬರ ಎನ್ನುವ ಜರ್ಕಿನ್ ಬೇಡ, ಉಣ್ಣೆಯ ಸ್ವೆಟರ್ ಹಾಕಿಕೊಳ್ಳಿ. ಇಂಬಳ (ಜಿಗಣೆ) ಇನ್ನೂ ಇರುತ್ತದೆ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ.

ಶನಿವಾರ

ನವೆಂಬರ್ ನಡುವೆ ಸೂರ್ಯ ಹುಟ್ಟುವುದು ಸುಮಾರು 6:25ಕ್ಕೆ. 5:50ರೊಳಗೆ ಕುಳಿತಿರಬೇಕು. ದಾರಿಯಲ್ಲಿ ಆನೆಯ ಹಸಿ ಲದ್ದಿ ಕಂಡರೆ, ಕೊಂಬೆ ಮುರಿಯುವ ಸದ್ದು ಕೇಳಿದರೆ ಅಲ್ಲಿಂದಲೇ ಹಿಂದಿರುಗಿ, ಮುಂದಿನ ಮಾತೇ ಬೇಡ. ನಾಯಿಯನ್ನು ಯಾವ ಕಾರಣಕ್ಕೂ ಕರೆದೊಯ್ಯಬೇಡಿ.

ಮೊದಲು ಸಿಗುವುದು ದನಿ. ಊರಿನ ಹುಂಜದಂತೆ ಎಳೆದು ಕೂಗುವುದಿಲ್ಲ, ತುಂಡು ತುಂಡಾಗಿ, ಒರಟಾಗಿ ‘ಕ-ಕಾಯ-ಕಾಯ’ ಎಂದು ಮುಗಿಸುತ್ತದೆ. ಹತ್ತಿರವಿದ್ದರೆ ಕೊನೆಗೊಂದು ಸಣ್ಣ ‘ಕ್ಯುಕುನ್ ಕ್ಯುಕುನ್’ ಕೇಳಿಸುತ್ತದೆ. ಈ ಕೊನೆಯ ಸಣ್ಣ ದನಿ ದೂರಕ್ಕೆ ಹೋಗುವಂಥದ್ದಲ್ಲ. ಕೇಳಿಸಿತೆಂದರೆ ಹಕ್ಕಿ ಪಕ್ಕದಲ್ಲೇ ಇದೆ, ಕತ್ತು ಕೂಡ ತಿರುಗಿಸಬೇಡಿ. ಆಮೇಲೆ ದರಗಿನ ಸದ್ದಿಗೆ ಕಿವಿಗೊಡಿ. ಹರಟೆಮಲ್ಲ ಹಕ್ಕಿಗಳ ಗುಂಪು ಗಲಾಟೆ ಮಾಡಿಕೊಂಡೇ ಎಲೆ ಹಾರಿಸುತ್ತದೆ. ಕೋಳಿ ಎರಡು-ಮೂರು ಸಲ ಕೆದರಿ, ನಿಂತು, ಹೆಕ್ಕಿ, ಮತ್ತೆ ಕೆದರುತ್ತದೆ.

ಹೆಚ್ಚಿನವರು ತಪ್ಪುವುದು ದನಿ ಬಂದ ಕಡೆಗೆ ಎದ್ದು ನಡೆಯುವುದರಲ್ಲಿ. ಕೋಳಿ ಹಾರುವುದಕ್ಕಿಂತ ಓಡುವುದನ್ನೇ ನೆಚ್ಚಿಕೊಂಡ ಹಕ್ಕಿ. ನೀವು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದು ಬಾಲ ತಗ್ಗಿಸಿ ಮಟ್ಟಿಯ ಆ ಬದಿಗೆ ಹೋಗಿರುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ. ಹುಂಜ ಮೇವು ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಅಲೆಯುತ್ತದೆ. ಒಂದು ಕೋಳಿ ರಸ್ತೆ ದಾಟಿತೆಂದು ಕ್ಯಾಮೆರಾ ಇಳಿಸಬೇಡಿ, ಹಿಂದೆ ಇನ್ನೂ ಇರಬಹುದು. ಹತ್ತು ನಿಮಿಷ ಕಾಯಿರಿ. ಕಾರಿನಲ್ಲಿದ್ದರೆ ಎಂಜಿನ್ ಆರಿಸಿ ಒಳಗೇ ಕೂರಿ. ನಿಂತ ಕಾರಿಗೆ ಹೆದರದ ಹಕ್ಕಿ ಇಳಿದ ಮನುಷ್ಯನಿಗೆ ಹೆದರುತ್ತದೆ.

ಹೇಂಟೆಯ ಗುರುತು ಎದೆಯಲ್ಲಿದೆ: ಬಿಳಿ ಗರಿಗಳಿಗೆ ಕಪ್ಪು ಅಂಚು, ಹಳದಿ ಕಾಲು. ನಮ್ಮ ಕಡೆಯ ಕಾಡಿನಲ್ಲಿರುವುದು ಬೂದು ಕಾಡುಕೋಳಿ, ಕೆಂಪು ಜಾತಿಯದು ಉತ್ತರ ಮತ್ತು ಪೂರ್ವ ಭಾರತದ್ದು. ಹಾಗಾಗಿ ತೋಟದ ಆಳುಗಳಿರುವ ಲೈನ್ ಮನೆಗಳ ಹತ್ತಿರ ಕೆಂಪು ಹುಂಜ ಕಂಡರೆ ಅದು ಸಾಕಿದ ನಾಟಿ ಕೋಳಿ. ಮಟ್ಟಿಯಿಂದ ಮಟ್ಟಿಗೆ ಜೋಡಿಯಾಗಿ ನುಸುಳುವ, ಕೆಂಪು ಕಾಲಿನ, ಕಣ್ಣಿನ ಸುತ್ತ ಕೆಂಪು ಚರ್ಮದ ಚಿಕ್ಕ ಕಂದು ಹಕ್ಕಿ ಕಂಡರೆ ಅದು ಚಿಟ್ಟುಕೋಳಿ. ಕಾಡುಕೋಳಿಗಿಂತ ನಾಚಿಕೆಯದು, ಕಂಡದ್ದು ಭಾಗ್ಯ.

ಕಾಫಿ ಕೊಯ್ಲಿನ ಆಳುಗಳು ತೋಟಕ್ಕೆ ಇಳಿದ ಮೇಲೆ ಕೂತು ಪ್ರಯೋಜನವಿಲ್ಲ. ಸಂಜೆ 4:30ಕ್ಕೆ ಮತ್ತೆ ಬನ್ನಿ. 5:55ರ ಸುಮಾರಿಗೆ ಸೂರ್ಯ ಮುಳುಗುತ್ತದೆ. ಕತ್ತಲಾಗುವ ಮೊದಲು ತೋಟದಿಂದ ಹೊರಗಿರಬೇಕು.

ಕಣ್ಣಿಗೆ ಉರುಳು ಬಿದ್ದರೆ ಮುಟ್ಟದೆ ಫೋಟೋ ತೆಗೆದು, ಜಾಗ ಗುರುತಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಕೋಳಿಗೋ ಹಂದಿಗೋ ಇಟ್ಟ ಉರುಳಿಗೆ ಚಿರತೆಯೂ ಸಿಕ್ಕಿಬಿದ್ದು ಸಾಯುತ್ತದೆ. ಬಿದ್ದ ಗರಿಯನ್ನು ಅಲ್ಲೇ ಬಿಡಿ.

ಭಾನುವಾರ

ಅದೇ ತೋಟಕ್ಕೆ ಮತ್ತೆ ಹೋಗಬೇಡಿ, ಹಕ್ಕಿಗೂ ಬಿಡುವು ಬೇಕು. ಕಡೂರು ಬಯಲಿಗೆ ಇಳಿಯಿರಿ. ಬಾಸೂರು ಅಮೃತಮಹಲ್ ಕಾವಲಿನಂಥ ಹುಲ್ಲುಗಾವಲಿನಲ್ಲಿ ಇದೇ ಬಳಗದ ಗೌಜಲ ಹಕ್ಕಿ ಬೆಳಿಗ್ಗೆ ಗಟ್ಟಿಯಾಗಿ ಕೂಗುತ್ತದೆ. ಅದು ಸಂರಕ್ಷಿತ ಜಾಗ, ಅರಣ್ಯ ಸಿಬ್ಬಂದಿಯನ್ನು ಕೇಳಿಯೇ ಹೋಗಬೇಕು. ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಕಾಲಡಿಯಿಂದಲೇ ಬುರ್ಲಿ ಹಕ್ಕಿ ಭರ್ರನೆ ಏಳುತ್ತದೆ.

ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೊಣಕಾಲ ಹಿಂದೆ, ತೊಡೆಸಂದು, ಕಂಕುಳಲ್ಲಿ ಉಣುಗು ಕಚ್ಚಿದೆಯೇ ನೋಡಿಕೊಳ್ಳಿ. ಚಿಕ್ಕಮಗಳೂರಿನ ಮಲೆನಾಡು ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆ ಹರಡುವುದು ಇದರಿಂದಲೇ, ಅದರ ಕಾಲ ಚಳಿಗಾಲದಿಂದ ಮುಂದಿನ ಮಳೆಯವರೆಗೆ. ಮುಂದಿನ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.