ಸರ್ವಾಧಿಕಾರವನ್ನು ಮೊದಲ ಹೆಜ್ಜೆಯಲ್ಲೇ ಎದುರಿಸುವ ಬಗೆ: ಮತ್ತೆಯೊತ್ತಿ ತೋರಿದ ದಾರಿ

1922ರ ಅಕ್ಟೋಬರ್‌ನಲ್ಲಿ ಮುಸೊಲಿನಿ ಇಟಲಿಯ ಪ್ರಧಾನಿಯಾದಾಗ 535 ಸದಸ್ಯರ ಕೆಳಮನೆಯಲ್ಲಿ ಅವನ ಪಕ್ಷದವರಾದ ಫ್ಯಾಸಿಸ್ಟರು ಸುಮಾರು 35 ಮಂದಿ ಮಾತ್ರ ಇದ್ದರು. ಈ ಕೊರತೆಯನ್ನು ನೀಗಿಸಲು 1923ರಲ್ಲಿ ಅಚೆರ್ಬೊ ಕಾನೂನು ಬಂತು: ಶೇ. 25ಕ್ಕೆ ಕಡಿಮೆಯಿಲ್ಲದಂತೆ ಮತ ಪಡೆದು ಎಲ್ಲರಿಗಿಂತ ಮುಂದೆ ಬಂದ ಅಭ್ಯರ್ಥಿಗಳ ಪಟ್ಟಿಗೆ ಮೂರರಲ್ಲಿ ಎರಡು ಪಾಲು ಸ್ಥಾನ. ಉದಾರವಾದಿಗಳಲ್ಲಿ ಹಲವರು ಇದಕ್ಕೆ ಕೈಯೆತ್ತಿದರು. ಆದ್ದರಿಂದ ಪ್ರಜಾಪ್ರಭುತ್ವವನ್ನು ಕಾಯಹೊರಟವರು ಚುನಾವಣಾ ನಿಯಮದ ತಿದ್ದುಪಡಿಯನ್ನು ಕರಡಿನ ಹಂತದಲ್ಲೇ ಓದಿ, ಅದರಿಂದ ಯಾರಿಗೆ ಎಷ್ಟು ಸ್ಥಾನ ಸಿಗುತ್ತದೆಂದು ಲೆಕ್ಕ ಹಾಕಿ ಜನರ ಮುಂದಿಡಬೇಕು.

ಎರಡನೆಯ ಕೆಲಸ ಅಕ್ರಮಗಳನ್ನು ದಾಖಲಿಸಿಡುವುದು. ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಇದಕ್ಕೇ. ಸಮಾಜವಾದಿ ಸಂಸದ ಜಾಕೊಮೊ ಮತ್ತೆಯೊತ್ತಿ 1924ರ ಮೇ 30ರಂದು ಸದನದಲ್ಲಿ ಏಪ್ರಿಲ್ ಚುನಾವಣೆಯ ಸಿಂಧುತ್ವವನ್ನೇ ಪ್ರಶ್ನಿಸಿದಾಗ, ಗದ್ದಲದ ನಡುವೆಯೂ ಊರು ಊರಿನ ಹೆಸರು ಹಿಡಿದು ಮಾತನಾಡಿದರು. ಜಿನೋವಾದಲ್ಲಿ ಉಮೇದುವಾರಿಕೆಗಾಗಿ ಸಂಗ್ರಹಿಸಿದ್ದ ಸಹಿಗಳ ಹಾಳೆಗಳನ್ನು ಮೇಜಿನ ಮೇಲಿಂದಲೇ ಒಯ್ದದ್ದು, ಪುಲಿಯಾದಲ್ಲಿ ನೋಟರಿಯೊಬ್ಬರನ್ನು ಥಳಿಸಿದ್ದು, ಕೆಲವೆಡೆ ಮತದಾರರಿಗೆ ಮೂರು ಹೆಸರು ಅಥವಾ ಸಂಖ್ಯೆಗಳ ಬೇರೆ ಬೇರೆ ಜೋಡಣೆಗಳನ್ನು ಕೊಟ್ಟು, ಎಣಿಕೆಯ ವೇಳೆ ಯಾರ ಮತ ಯಾವುದೆಂದು ಪತ್ತೆ ಹಚ್ಚುವಂತೆ ಮಾಡಿದ್ದು, ಹೀಗೆ ಒಂದೊಂದನ್ನೂ ಅವರು ಸದನದ ಮುಂದಿಟ್ಟರು. ‘ಅಕ್ರಮ ನಡೆದಿದೆ’ ಎಂಬ ಸಾಮಾನ್ಯ ಆರೋಪವನ್ನು ತಳ್ಳಿಹಾಕುವುದು ಸುಲಭ. ಸ್ಥಳ ಮತ್ತು ವಿಧಾನ ಸಹಿತವಾದ ಆರೋಪವನ್ನು ಹಾಗೆ ತಳ್ಳಿಹಾಕಲಾಗದು. ನೀವೂ ಪ್ರತಿ ಘಟನೆಗೆ ದಿನಾಂಕ, ಊರು, ಸಾಕ್ಷಿ, ತಡೆದ ರೀತಿ ಇಷ್ಟನ್ನು ಬರೆದಿಡಿ. ಸಾಕ್ಷಿಯ ಹೆಸರು ಹೊರಬಿದ್ದರೆ ಅಪಾಯವೆಂದಾದರೆ ಅದನ್ನು ಬೇರೆಡೆ ಇಡಿ.

ಆ ಕಡತವನ್ನೂ ಅದನ್ನು ಮಂಡಿಸುವ ಹೊಣೆಯನ್ನೂ ಹಲವರಲ್ಲಿ ಹಂಚಬೇಕು. ಜೂನ್ 10ರಂದು ಫ್ಯಾಸಿಸ್ಟರು ಮತ್ತೆಯೊತ್ತಿಯವರನ್ನು ರೋಮ್‌ನ ನದಿದಂಡೆಯ ರಸ್ತೆಯಿಂದ ಕಾರಿನೊಳಗೆ ಎಳೆದೊಯ್ದು ಕೊಂದರು. ದೇಹ ಸಿಕ್ಕಿದ್ದು ಆಗಸ್ಟ್ 16ರಂದು. ಒಬ್ಬ ಧೀರನ ಮೇಲೆ ಎಲ್ಲ ಭಾರವನ್ನೂ ಹೊರಿಸುವುದು ಅವನಿಗೂ ಅನ್ಯಾಯ, ಹೋರಾಟಕ್ಕೂ ನಷ್ಟ.

ಇನ್ನು ಬಹಿಷ್ಕಾರದ ವಿಚಾರ. ಕೊಲೆಯಿಂದ ದೇಶವೇ ತತ್ತರಿಸಿ, ಮುಸೊಲಿನಿಯ ಆಡಳಿತ ಅಲುಗಾಡುತ್ತಿದ್ದಾಗ, ವಿರೋಧ ಪಕ್ಷಗಳ ಸಂಸದರು ಸದನವನ್ನು ತೊರೆದು, ದೊರೆ ಮೂರನೆಯ ವಿಟ್ಟೋರಿಯೊ ಎಮಾನುಯೆಲೆ ಮಧ್ಯೆ ಬರುವನೆಂದು ಕಾದರು. ಅವನು ಬರಲಿಲ್ಲ. 1925ರ ಜನವರಿ 3ರಂದು ಮುಸೊಲಿನಿ ನಡೆದುದೆಲ್ಲದರ ಹೊಣೆ ತನ್ನದೆಂದು ಸದನದಲ್ಲೇ ಸಾರಿದ. 1926ರ ನವೆಂಬರ್‌ನಲ್ಲಿ ಹೊರನಡೆದವರ ಸದಸ್ಯತ್ವವೇ ರದ್ದಾಯಿತು. ಹೊರನಡೆಯುವುದು ಅನಿವಾರ್ಯವಾದರೆ, ಮರಳುವ ದಿನವನ್ನೂ ಅಷ್ಟರೊಳಗೆ ಹೊರಗೆ ಮಾಡಬೇಕಾದ ಕೆಲಸವನ್ನೂ ಎಲ್ಲ ಪಕ್ಷಗಳು ಒಟ್ಟಾಗಿ ಮೊದಲೇ ನಿಶ್ಚಯಿಸಿ, ಬರಹದಲ್ಲಿ ಪ್ರಕಟಿಸಬೇಕು.